ಒಡೆದ ಹಿಮ್ಮಡಿಗೆ ಮೊದಲು ನೀರು, ಆಮೇಲೆ ಎಣ್ಣೆ

ರಾತ್ರಿ ಮಲಗಿ ಕಾಲು ಚಾಚಿದಾಗ ಹೊದಿಕೆಯ ನೂಲು ಹಿಮ್ಮಡಿಗೆ ಸಿಕ್ಕಿ ಪರ್ರೆಂದು ಎಳೆಯುತ್ತದಲ್ಲ, ಆ ಸದ್ದು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಿರಸಿ ಕಡೆಯ ತೋಟದ ಮನೆಯಲ್ಲಿ ಬರಿಗಾಲಿನಲ್ಲಿ ಬೆಳೆದವಳು ನಾನು. ಬೆಂಗಳೂರಿಗೆ ಬಂದ ಮೇಲೂ ಗ್ರಾನೈಟ್ ನೆಲದ ಮೇಲೆ ಬರಿಗಾಲಿನಲ್ಲೇ ಓಡಾಡಿದೆ. ಪ್ರತಿ ಡಿಸೆಂಬರಿನಲ್ಲೂ ನನ್ನ ಹಿಮ್ಮಡಿ ಬತ್ತಿದ ಕೆರೆಯ ಅಂಗಳದಂತೆ ಒಡೆಯುತ್ತಿತ್ತು. ಬಾಟಲಿಗಟ್ಟಲೆ ಕೊಬ್ಬರಿ ಎಣ್ಣೆ ಖರ್ಚಾಗುತ್ತಿತ್ತು, ಬಿರುಕು ಮಾತ್ರ ಹಾಗೇ ಇರುತ್ತಿತ್ತು. ತಪ್ಪು ಎಣ್ಣೆಯದಾಗಿರಲಿಲ್ಲ. ಪೂರ್ತಿ ಒಣಗಿದ ಕಾಲಿಗೆ, ನೆನಪಾದಾಗ, ಟಿವಿ ನೋಡುತ್ತಾ ಹಚ್ಚುತ್ತಿದ್ದ ನನ್ನದಾಗಿತ್ತು.

ನನ್ನ ಅಮ್ಮಮ್ಮ ಈ ತಪ್ಪು ಮಾಡುತ್ತಿರಲಿಲ್ಲ. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ, ಬಚ್ಚಲಿನಲ್ಲಿ ಹಂಡೆಯ ನೀರು ತೋಡಿಕೊಂಡು ಕಾಲು ತೊಳೆದು, ಅಲ್ಲೇ ಇದ್ದ ಒರಟು ಕಲ್ಲಿಗೆ ಹಿಮ್ಮಡಿಯನ್ನು ನಾಲ್ಕು ಸಲ ತಿಕ್ಕಿ, ಪಸೆ ಆರುವ ಮೊದಲೇ ಜಗುಲಿಗೆ ಬಂದು ಕೂರುತ್ತಿದ್ದಳು. ಹಳೆಯ ಸಟ್ಟುಗದಲ್ಲಿ ಅಡಿಕೆ ಗಾತ್ರದ ಮುರುಗಲ ತುಪ್ಪ (ಮುರುಗಲು ಹಣ್ಣಿನ ಬೀಜದಿಂದ ತೆಗೆದ ಗಟ್ಟಿ ಕೊಬ್ಬು) ಇಟ್ಟು ದೀಪದ ಮೇಲೆ ಹಿಡಿದರೆ ಅದು ಅಂಚಿನಿಂದ ಕರಗುತ್ತಾ ಬರುತ್ತಿತ್ತು. ಬಿಸಿ ತಗ್ಗುವವರೆಗೆ ಕಾದು, ಮತ್ತೆ ಬೆಳ್ಳಗೆ ಗಟ್ಟಿಯಾಗುವ ಮೊದಲು ಬೆರಳಿನಿಂದ ಬಿರುಕಿಗೆ ತುಂಬುತ್ತಿದ್ದಳು. “ಕಾಲು ಒಣಗಿದ ಮೇಲೆ ಹಚ್ಚಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ” ಎನ್ನುತ್ತಿದ್ದಳು. ಈ ಮಾತು ಎಷ್ಟು ಸರಿ ಎಂದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಹಿಮ್ಮಡಿಯೇ ಏಕೆ ಒಡೆಯುತ್ತದೆ?

ಮೈಯ ಉಳಿದ ಚರ್ಮಕ್ಕೆ ತನ್ನದೇ ಎಣ್ಣೆಯ ವ್ಯವಸ್ಥೆ ಇದೆ. ಅಂಗೈ ಮತ್ತು ಅಂಗಾಲಿನಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ, ಇರುವುದು ಬೆವರಿನ ಗ್ರಂಥಿಗಳು ಮಾತ್ರ. ಜೊತೆಗೆ ಮೈಯಲ್ಲೇ ಚರ್ಮದ ಹೊರಪದರ ಅತಿ ದಪ್ಪ ಇರುವ ಜಾಗ ಅಂಗಾಲು. ನಿಂತಾಗ ಹಿಮ್ಮಡಿಯೊಳಗಿನ ಕೊಬ್ಬಿನ ಮೆತ್ತೆ ಭಾರಕ್ಕೆ ಅದುಮಿ ಪಕ್ಕಕ್ಕೆ ಉಬ್ಬುತ್ತದೆ. ಮೇಲಿನ ಚರ್ಮ ಮೆತ್ತಗಿದ್ದರೆ ಅದೂ ಜೊತೆಗೆ ಹಿಗ್ಗುತ್ತದೆ, ಒಣಗಿ ದಡ್ಡುಗಟ್ಟಿದ್ದರೆ ಸೀಳುತ್ತದೆ. ಬಿರುಕುಗಳು ಹಿಮ್ಮಡಿಯ ಅಂಚಿನಲ್ಲೇ ಹೆಚ್ಚಾಗಿ, ಮೇಲಿಂದ ಕೆಳಕ್ಕೆ ಏಳುವುದಕ್ಕೆ ಇದೇ ಕಾರಣ. ಹಿಂದುಗಡೆ ತೆರೆದಿರುವ ಚಪ್ಪಲಿ, ದಿನವಿಡೀ ನಿಂತು ಮಾಡುವ ಕೆಲಸ, ಹೆಚ್ಚಿದ ತೂಕ ಇದ್ದರೆ ತೊಂದರೆ ಇನ್ನೂ ಬೇಗ ಬರುತ್ತದೆ.

ಎಣ್ಣೆಯೊಂದೇ ಸಾಲದು ಎನ್ನುವುದನ್ನು 1952ರಲ್ಲೇ ಇರ್ವಿನ್ ಬ್ಲ್ಯಾಂಕ್ ಎಂಬ ಅಮೆರಿಕದ ವಿಜ್ಞಾನಿ ಸರಳವಾಗಿ ತೋರಿಸಿದರು. ದಡ್ಡುಗಟ್ಟಿದ ಚರ್ಮದ ಒಣ ತುಣುಕನ್ನು ಎಣ್ಣೆಯಲ್ಲಿ ಇಟ್ಟರೆ ಅದು ಸೆಟೆದೇ ಇರುತ್ತದೆ, ನೀರು ಹೀರಿದರೆ ಬಾಗುವಷ್ಟು ಮೆತ್ತಗಾಗುತ್ತದೆ. ಒಣ ಕಡಲೆಕಾಳನ್ನು ರಾತ್ರಿಯಿಡೀ ಎಣ್ಣೆಯಲ್ಲಿ ಹಾಕಿಟ್ಟರೆ ನೆನೆಯುತ್ತದೆಯೇ? ಚರ್ಮವನ್ನು ಮೆದುಗೊಳಿಸುವುದು ನೀರು. ಆ ನೀರು ಆರಿಹೋಗದಂತೆ ಮುಚ್ಚಳ ಹಾಕುವುದಷ್ಟೇ ಎಣ್ಣೆ, ತುಪ್ಪ, ಪೆಟ್ರೋಲಿಯಂ ಜೆಲ್ಲಿಗಳ ಕೆಲಸ. ಮುಂದೆ ಹೇಳುವ ಹಂತಗಳೆಲ್ಲ ಇದರಿಂದಲೇ ಹುಟ್ಟಿದವು.

ಶುರು ಮಾಡುವ ಮುನ್ನ

ಮಧುಮೇಹ ಇರುವವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರು, ಕಾಲಿನ ರಕ್ತಸಂಚಾರದ ತೊಂದರೆ ಇರುವವರು ಕೆಳಗಿನ ನೆನೆಸುವ ಮತ್ತು ಉಜ್ಜುವ ಹಂತಗಳನ್ನು ವೈದ್ಯರನ್ನು ಕೇಳದೆ ಮಾಡಬೇಡಿ. ಬಹಳ ಕಾಲದ ಮಧುಮೇಹದಲ್ಲಿ ನರಗಳು ಸೋತು ಪಾದ ಬೆವರುವುದೇ ನಿಲ್ಲುತ್ತದೆ, ಚರ್ಮ ಒಣಗುತ್ತದೆ. ಅದೇ ನರಗಳ ಸೋಲಿನಿಂದ ನೀರು ಸುಡುತ್ತಿದ್ದರೂ, ಕಲ್ಲು ಚರ್ಮ ಸುಲಿದರೂ ಗೊತ್ತಾಗುವುದಿಲ್ಲ. ಬಿರುಕು ಹುಣ್ಣಾಗಿ, ಹುಣ್ಣು ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಹಂತಕ್ಕೆ ಹೋಗುವುದು ಹೀಗೆ. ವೈದ್ಯರ ಬಳಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಇರುತ್ತದೆ. ಅದನ್ನು ಅಂಗಾಲಿಗೆ ಮುಟ್ಟಿಸಿ ಸ್ಪರ್ಶ ಉಳಿದಿದೆಯೇ ಎಂದು ನಿಮಿಷದಲ್ಲಿ ಹೇಳುತ್ತಾರೆ, ವರ್ಷಕ್ಕೊಮ್ಮೆ ಕೇಳಿ ಮಾಡಿಸಿಕೊಳ್ಳಿ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ದಿನಾ 37 ಡಿಗ್ರಿ ಮೀರದ ನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ, ಸಂದು ಬಿಟ್ಟು ಉಳಿದ ಕಡೆ ಕ್ರೀಮ್ ಹಚ್ಚುವುದು, ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳುವುದು. ಬಗ್ಗಲಾಗದವರ ಕಾಲನ್ನು ಮನೆಯಲ್ಲಿ ಇನ್ನೊಬ್ಬರು ನೋಡಬೇಕು.

ಉಳಿದವರೂ ಒಮ್ಮೆ ಬೆಳಕಿನಲ್ಲಿ ಕಾಲು ನೋಡಿಕೊಳ್ಳಿ. ಬರೀ ಬಿಳಿ ಪುಡಿ, ಒರಟುತನ, ಮೇಲುಮೇಲಿನ ಗೆರೆ ಇದ್ದರೆ ಎಲ್ಲ ಹಂತಗಳನ್ನೂ ಮಾಡಬಹುದು. ಕೆಂಪು ತೋರುವ, ರಕ್ತ ಜಿನುಗುವ ಬಿರುಕಿದ್ದರೆ ನೆನೆಸುವುದು, ಉಜ್ಜುವುದು ಸದ್ಯಕ್ಕೆ ಬೇಡ. ಅದರ ಕ್ರಮ ಬೇರೆ, ಮುಂದೆ ಬರುತ್ತದೆ.

ಹಂತ 1: ನೆನೆಸುವುದು

ಎರಡೂ ಪಾದ ಮುಳುಗುವಂತಹ ಟಬ್‌ನಲ್ಲಿ ಉಗುರು ಬೆಚ್ಚಗಿನ ನೀರು ತೆಗೆದುಕೊಳ್ಳಿ. ಮೊಣಕೈ ಅದ್ದಿ ನೋಡಿ, ಬಿಸಿ ಎನಿಸಬಾರದು. 10ರಿಂದ 15 ನಿಮಿಷ ಸಾಕು. ಅರ್ಧ ಗಂಟೆ ಬಿಸಿ ನೀರಿನಲ್ಲಿಟ್ಟರೆ ಹಾಯೆನಿಸುತ್ತದೆ ನಿಜ, ಆದರೆ ಚರ್ಮದಲ್ಲಿರುವ ಅಷ್ಟಿಷ್ಟು ಜಿಡ್ಡೂ ತೊಳೆದುಹೋಗಿ ಕಾಲು ಮೊದಲಿಗಿಂತ ಬೇಗ ಒಣಗುತ್ತದೆ.

ನೀರಿಗೆ ಏನು ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ಏನೂ ಬೇಡ. ಶಾಂಪೂ, ಡಿಟರ್ಜೆಂಟ್ ಹಾಕಿದರೆ ಒಣಗಿದ್ದನ್ನು ಮತ್ತೆ ಒಣಗಿಸಿದಂತೆ. ಅಡುಗೆ ಸೋಡಾ ಕ್ಷಾರ, ಚರ್ಮದ ಮೇಲ್ಪದರ ತುಸು ಆಮ್ಲೀಯವಾಗಿದ್ದರೆ ಮಾತ್ರ ಗಟ್ಟಿಯಾಗಿರುತ್ತದೆ. ಅದಕ್ಕೆ ತಿರುಗಾಮುರುಗಾ ನಿಂಬೆಹಣ್ಣು ಉಜ್ಜಿದರೆ ಬಿರುಕಿನಲ್ಲಿ ಬೆಂಕಿ ಇಟ್ಟಂತಾಗುತ್ತದೆ, ಉಪಯೋಗವಿಲ್ಲ. ಉಪ್ಪು ಹಾಕಿದರೂ ಬಿಟ್ಟರೂ ಅಷ್ಟೇ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಸೋಪಿನ ಜಿಗುಟು ಕಾಲಿಗೆ ಅಂಟಿ ಉಳಿಯುತ್ತದೆ. ಅಲ್ಲಿ ಕಾಲಿಗೆ ಸೋಪು ಕಡಿಮೆ ಮಾಡಿ, ಕೊಳೆ ಇದ್ದಾಗ ಕಡಲೆಹಿಟ್ಟಿನಿಂದ ತೊಳೆದರೆ ಸಾಕು.

ಹಂತ 2: ಉಜ್ಜುವುದು

ನೆಂದ ಚರ್ಮ ಬೆಳ್ಳಗೆ ಉಬ್ಬಿರುತ್ತದೆ. ಈಗ ಪ್ಯೂಮಿಸ್ ಕಲ್ಲನ್ನು ಒದ್ದೆ ಮಾಡಿಕೊಂಡು, ಒಂದೇ ದಿಕ್ಕಿನಲ್ಲಿ, ಹಗುರವಾಗಿ ಎಳೆಯಿರಿ. ಪ್ಯೂಮಿಸ್ ಎಂದರೆ ಜ್ವಾಲಾಮುಖಿಯ ನೊರೆ ಗಟ್ಟಿಯಾದ ಕಲ್ಲು, ತುಂಬ ರಂಧ್ರಗಳಿರುವುದರಿಂದ ನೀರಿನ ಮೇಲೆ ತೇಲುತ್ತದೆ. ಜಾತ್ರೆಯಲ್ಲಿ ಸಿಗುವ ಕಾಲುಜ್ಜುವ ಕಲ್ಲಾದರೂ ನಡೆಯುತ್ತದೆ, ಅಂಚು ಚೂಪಾಗಿರಬಾರದು ಅಷ್ಟೆ. ಒಂದು ಹಿಮ್ಮಡಿಗೆ ಹತ್ತು ಹದಿನೈದು ಎಳೆತ ಸಾಕು. ಗುಲಾಬಿ ಬಣ್ಣ ಕಂಡರೆ ಅಥವಾ ಉರಿ ಶುರುವಾದರೆ ನೀವು ಆಗಲೇ ಹೆಚ್ಚು ಉಜ್ಜಿದ್ದೀರಿ.

ಎಲ್ಲವನ್ನೂ ಒಂದೇ ದಿನ ತೆಗೆಯಬೇಕೆಂಬ ಹಟ ಬೇಡ. ದಡ್ಡು ಎನ್ನುವುದು ಒತ್ತಡಕ್ಕೆ ಚರ್ಮ ಕಟ್ಟಿಕೊಂಡ ಗೋಡೆ. ಕೆರೆದಷ್ಟೂ ಅದು ಮತ್ತಷ್ಟು ದಪ್ಪಗೆ ಕಟ್ಟಿಕೊಳ್ಳುತ್ತದೆ. ವಾರಕ್ಕೆ ಎರಡು ಸಲ, ಸ್ವಲ್ಪ ಸ್ವಲ್ಪ ಸಾಕು.

ಬ್ಲೇಡಿನ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕಮ್ಮನ ಮಗಳ ಮದುವೆಗೆ ಎರಡು ದಿನ ಇರುವಾಗ ಕಾಲು ಚೆಂದ ಕಾಣಲಿ ಎಂದು ಹಿಮ್ಮಡಿಯ ದಡ್ಡನ್ನು ಶೇವಿಂಗ್ ಬ್ಲೇಡಿನಿಂದ ಹೆರೆದುಕೊಂಡೆ. ಮೊದಲ ನಾಲ್ಕು ಸಿಪ್ಪೆ ಮೇಣದ ಹಾಗೆ ಬಂದವು, ಐದನೆಯದರ ಹಿಂದೆಯೇ ರಕ್ತ ಬಂತು. ಧಾರೆ ಹೊತ್ತಿಗೆ ತುದಿಗಾಲಿನಲ್ಲಿ ನಿಂತಿದ್ದೆ. ಬ್ಲೇಡ್, ಚಾಕು, ತುರಿಮಣೆಯಂತಹ ಲೋಹದ ಉಜ್ಜುಗ, ಇವು ಯಾವುವೂ ಬೇಡ. ಜೋತುಬಿದ್ದ ಒಣ ಸಿಪ್ಪೆಯನ್ನು ಬೆರಳಿನಿಂದ ಎಳೆಯುವುದೂ ಬೇಡ, ಅದು ಜೀವಂತ ಚರ್ಮದವರೆಗೆ ಸೀಳಿಕೊಂಡು ಹೋಗುತ್ತದೆ. ಉಗುರು ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ.

ಹಂತ 3: ಒರೆಸಿ, ಪಸೆ ಇರುವಾಗಲೇ ಹಚ್ಚುವುದು

ಇಡೀ ಕೆಲಸದ ಜೀವ ಇಲ್ಲಿದೆ. ಮೆತ್ತನೆಯ ಹಳೆಯ ಬಟ್ಟೆಯಿಂದ ಬೆರಳ ಸಂದುಗಳನ್ನು ಪೂರ್ತಿ ಒರೆಸಿ, ಹಿಮ್ಮಡಿ ಮತ್ತು ಅಂಗಾಲನ್ನು ಮಾತ್ರ ಒತ್ತಿ ನೀರು ತೆಗೆಯಿರಿ, ಪಸೆ ಉಳಿಯಲಿ. ನಂತರ ಎರಡು ಮೂರು ನಿಮಿಷದೊಳಗೆ ಹಚ್ಚಿಬಿಡಬೇಕು. ಹಾಗಾಗಿ ಡಬ್ಬಿಯ ಮುಚ್ಚಳವನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಕಾಲು ಒರೆಸಿ, ಒಳಗೆ ಹೋಗಿ, ಹಾಲು ಕಾಯಿಸಿ, ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಒಳಗೆ ಹೋದ ನೀರೆಲ್ಲ ಆವಿಯಾಗಿರುತ್ತದೆ.

ದಿನಾ ನೆನೆಸುವ ಪುರುಸೊತ್ತಿಲ್ಲದವರು ಸ್ನಾನ ಮುಗಿದ ಕೂಡಲೇ ಬಚ್ಚಲುಮನೆಯ ಬಾಗಿಲಲ್ಲೇ ಹಚ್ಚಿಕೊಳ್ಳಬಹುದು. ಡಬ್ಬಿಯನ್ನು ಟವೆಲಿನ ಪಕ್ಕದಲ್ಲೇ ಇಡಿ. ವಾರಕ್ಕೊಮ್ಮೆಯ ಉಪಚಾರಕ್ಕಿಂತ ದಿನಾ ಎರಡು ಸಲದ ಈ ಒಂದು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ. ಜಾರುವ ಭಯ ಇದೆ, ಹಚ್ಚಿದ ಮೇಲೆ ಕೂತೇ ಕಾಲುಚೀಲ ಹಾಕಿಕೊಳ್ಳಿ. ವಯಸ್ಸಾದವರಿಗೆ ಮಂಚದ ಮೇಲೆ ಕೂತು ಹಚ್ಚುವುದೇ ಸರಿ.

ಯಾವುದನ್ನು ಹಚ್ಚಬೇಕು?

ಮುಚ್ಚಳದ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ ಅಗ್ಗದ ವಸ್ತು ನಾನು ಕಂಡಿಲ್ಲ. ವಾಸನೆ ಇಲ್ಲ, ಹಳಸುವುದಿಲ್ಲ, ಅಲರ್ಜಿ ಅಪರೂಪ. ಅಂಟಂಟು ಎನ್ನುವುದೊಂದೇ ದೂರು, ಆ ಅಂಟೇ ಅದರ ಗುಣ.

ಮುರುಗಲ ತುಪ್ಪದ ಬಗ್ಗೆ ನನಗೆ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಕರಾವಳಿಯ ಕೆಲವೆಡೆ ಪುನರ್ಪುಳಿ ಎನ್ನುವ ಹಣ್ಣಿನ ಬೀಜವನ್ನು ಒಣಗಿಸಿ, ಜಜ್ಜಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಅದನ್ನು ತೆಗೆದು ಮುದ್ದೆ ಕಟ್ಟುತ್ತಾರೆ. ಸುಮಾರು 40 ಡಿಗ್ರಿ ಹತ್ತಿರ ಕರಗುವ ಈ ತುಪ್ಪ, ಅದಕ್ಕಿಂತ ತಂಪಾಗಿರುವ ಹಿಮ್ಮಡಿಯ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕೊಬ್ಬರಿ ಎಣ್ಣೆ ಹಾಸಿಗೆಗೆ ಇಳಿದುಹೋಗುವ ಹೊತ್ತಿನಲ್ಲೂ ಇದು ಬಿರುಕಿನಲ್ಲೇ ಇರುತ್ತದೆ. ಮುದ್ದೆಯನ್ನು ನೇರವಾಗಿ ಉಜ್ಜಿದರೆ ಹತ್ತುವುದಿಲ್ಲ, ಕರಗಿಸಲೇಬೇಕು. ಕೈಬೆರಳಿಗೆ ಹಿತವಾಗುವಷ್ಟು ಆರಿದ ಮೇಲೆ ಹಚ್ಚಿ. ಕುದಿಯುವ ತುಪ್ಪವನ್ನೋ ಮೇಣದಬತ್ತಿಯ ಹನಿಯನ್ನೋ ಬಿರುಕಿಗೆ ಬಿಡುವ ರೂಢಿ ಕೆಲವು ಕಡೆ ಇದೆ. ಅದರಿಂದ ಬಿರುಕಿನ ಜೊತೆಗೆ ಸುಟ್ಟಗಾಯವೂ ಆಗುತ್ತದೆ.

ಮುರುಗಲ ತುಪ್ಪ ಸಿಗದ ಊರಿನವರು ಒಂದು ಚಮಚ ಜೇನುಮೇಣಕ್ಕೆ ನಾಲ್ಕು ಚಮಚ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಡಬ್ಬಿಗೆ ಸುರಿದು ಆರಿಸಿಟ್ಟುಕೊಳ್ಳಬಹುದು. ಗಟ್ಟಿಯೆನಿಸಿದರೆ ಮುಂದಿನ ಸಲ ಎಣ್ಣೆ ಒಂದು ಚಮಚ ಹೆಚ್ಚಿಸಿ. ಹರಳೆಣ್ಣೆಯೂ ದಪ್ಪವಾಗಿರುವುದರಿಂದ ಚೆನ್ನಾಗಿ ನಿಲ್ಲುತ್ತದೆ, ವಾಸನೆ ಸಹಿಸುವವರಿಗೆ.

ದಡ್ಡು ತುಂಬ ದಪ್ಪವಿದ್ದರೆ ಇವುಗಳಷ್ಟೇ ಸಾಲದು. ಆಗ ಔಷಧಿ ಅಂಗಡಿಯಲ್ಲಿ ಯೂರಿಯಾ ಇರುವ ಕ್ರೀಮ್ ಕೇಳಿ. ಹೊಲಕ್ಕೆ ಹಾಕುವ ಗೊಬ್ಬರದ ಹೆಸರೇ ಹೌದು, ಆದರೆ ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ. ಯೂರಿಯಾ ನಮ್ಮ ಚರ್ಮದಲ್ಲಿ ಸಹಜವಾಗಿಯೇ ಇರುವ, ನೀರು ಹಿಡಿದಿಡುವ ವಸ್ತು. ಶೇಕಡ 10ರ ಕ್ರೀಮ್ ತೇವ ಹಿಡಿಯುತ್ತದೆ, 20–25ರದು ದಡ್ಡನ್ನೂ ಸಡಿಲಿಸುತ್ತದೆ, 40ರದು ಚರ್ಮವನ್ನೇ ಕರಗಿಸುವಷ್ಟು ಬಲಶಾಲಿ, ಅದನ್ನು ವೈದ್ಯರು ಹೇಳಿದರೆ ಮಾತ್ರ ಬಳಸಿ. ಲ್ಯಾಕ್ಟಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲ ಇರುವ ಮುಲಾಮುಗಳೂ ಸಿಗುತ್ತವೆ. ಇವೆಲ್ಲ ತೆರೆದ ಬಿರುಕಿಗೆ ತಾಗಿದರೆ ಉರಿಯುತ್ತವೆ. ಮಧುಮೇಹ ಇರುವವರು ಸ್ಯಾಲಿಸಿಲಿಕ್ ಆಮ್ಲದ ಮುಲಾಮು, ಆಣಿಗೆ ಅಂಟಿಸುವ ಪಟ್ಟಿ ಎರಡನ್ನೂ ದೂರವಿಡಬೇಕು. ನಾನು ರಾತ್ರಿ ಮೊದಲು ಯೂರಿಯಾ ಕ್ರೀಮ್, ಅದರ ಮೇಲೆ ತೆಳ್ಳಗೆ ಜೆಲ್ಲಿ ಹಚ್ಚುತ್ತೇನೆ.

ಹಂತ 4: ಮುಚ್ಚಿ ಮಲಗುವುದು

ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ. ನೈಲಾನ್ ಬೇಡ. ಹಿಮ್ಮಡಿಗೆ ಮಾತ್ರ ಸಾಕು, ಬೆರಳಿಗೆ ಗಾಳಿ ಬೇಕು ಎನ್ನುವವರು ಹಳೆಯ ಕಾಲುಚೀಲದ ಮುಂಭಾಗ ಕತ್ತರಿಸಿ ಬಳಸಿ. ಸೆಕೆಯಾಗುವ ಊರಿನಲ್ಲಿ ಎರಡು ಗಂಟೆ ಹಾಕಿಕೊಂಡು ತೆಗೆದರೂ ಲಾಭವಿದೆ.

ರಕ್ತ ಬರುವ ಬಿರುಕಿಗೆ

ಸೋಪು ಹಾಕದೆ ಬರಿಯ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಜೆಲ್ಲಿ ತುಂಬಿ. ಮೇಲೆ ಸ್ವಚ್ಛ ಗಾಜ್ ಬಟ್ಟೆ ಇಟ್ಟು, ಬಿರುಕಿಗೆ ಅಡ್ಡಲಾಗಿ, ಎರಡು ಅಂಚೂ ಹತ್ತಿರ ಬರುವಂತೆ ಪಟ್ಟಿ ಎಳೆದು ಅಂಟಿಸಿ. ನಡೆದಾಗ ಬಿರುಕು ಮತ್ತೆ ಬಾಯಿ ಬಿಡದಿದ್ದರೆ ಅರ್ಧ ಗುಣವಾದಂತೆ. ಪ್ರತಿದಿನ ಬದಲಾಯಿಸಿ. ಅರಿಶಿನ ತುಂಬುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಒಣ ಪುಡಿ ಬಿರುಕನ್ನು ಇನ್ನಷ್ಟು ಒಣಗಿಸುತ್ತದೆ, ಜೊತೆಗೆ ಕೆಂಪಾಗಿದೆಯೋ ಇಲ್ಲವೋ ನೋಡಲಾಗದಂತೆ ಬಣ್ಣ ಕೂರುತ್ತದೆ. ಕೊಟ್ಟಿಗೆ, ಗದ್ದೆಯ ಮಣ್ಣು ತಾಗಿದ ಆಳವಾದ ಬಿರುಕಾದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಸುತ್ತ ಕೆಂಪು, ಬಿಸಿ, ಊತ, ಕೀವು, ಕಾಲಿನ ಮೇಲಕ್ಕೇರುವ ಕೆಂಪು ಗೆರೆ, ಜ್ವರ ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಆನೆಕಾಲು ಇರುವವರಿಗಂತೂ ಕೂದಲೆಳೆಯ ಬಿರುಕೂ ಸೋಂಕು ಒಳನುಗ್ಗುವ ದಾರಿ.

ನೆಲ, ನೀರು, ಚಪ್ಪಲಿ

ರಾತ್ರಿ ಹಚ್ಚಿದ್ದನ್ನು ಹಗಲು ಕಳೆದುಕೊಳ್ಳುವವರೇ ಹೆಚ್ಚು. ಬಟ್ಟೆ ಒಗೆಯುವಾಗ, ಫಿನಾಯಿಲ್ ಹಾಕಿ ನೆಲ ಒರೆಸುವಾಗ ಆ ನೀರಿನಲ್ಲಿ ಬರಿಗಾಲಲ್ಲಿ ನಿಲ್ಲಬೇಡಿ. ಗಾರೆ ಕೆಲಸದವರಿಗೆ ಹಸಿ ಸಿಮೆಂಟ್ ದೊಡ್ಡ ಶತ್ರು, ಅದು ಚರ್ಮವನ್ನು ಸುಡುವಷ್ಟು ಕ್ಷಾರ, ಬೂಟು ಇಲ್ಲದೆ ಇಳಿಯಬಾರದು. ಮನೆಯೊಳಗೆ ಚಪ್ಪಲಿ ಹಾಕುವುದಕ್ಕೆ ನಮ್ಮಲ್ಲಿ ಅನೇಕರಿಗೆ ಮನಸ್ಸು ಒಪ್ಪುವುದಿಲ್ಲ. ಒಳಗೆ ಮಾತ್ರ ಬಳಸುವ ಬಟ್ಟೆಯ ಚಪ್ಪಲಿಯೊಂದನ್ನು ಬೇರೆಯೇ ಇಟ್ಟರೆ ದೇವರ ಮನೆಯ ಹೊರಗೆ ಬಿಟ್ಟು ಹೋಗಬಹುದು. ನಮ್ಮ ಮನೆಯಲ್ಲಿ ಆಯಿ (ಅಮ್ಮ) ಇದಕ್ಕೆ ಒಪ್ಪಲು ಎರಡು ಚಳಿಗಾಲ ಬೇಕಾಯಿತು.

ಹೊರಗೆ ಹೋಗುವಾಗ ಹಿಮ್ಮಡಿಯನ್ನು ಸುತ್ತಲೂ ಹಿಡಿದುಕೊಳ್ಳುವ ಶೂ ಅಥವಾ ಹಿಂಬದಿ ಪಟ್ಟಿ ಇರುವ ಮೆತ್ತನೆಯ ಚಪ್ಪಲಿ ಹಾಕಿ. ಸವೆದು ತೆಳ್ಳಗಾದ ಹವಾಯಿ ಚಪ್ಪಲಿ ಎಸೆಯಿರಿ. ಸ್ಪರ್ಶ ಕಳೆದುಕೊಂಡ ಪಾದಗಳಿಗೆಂದೇ ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಪಾದರಕ್ಷೆಗಳಿವೆ. ಕುಷ್ಠರೋಗದ ಆರೈಕೆಯಲ್ಲಿ ಹೆಸರಾದವು ಈಗ ಮಧುಮೇಹಿಗಳಿಗೂ ಬಳಕೆಯಾಗುತ್ತಿವೆ. ಕುಷ್ಠದಿಂದ ನರ ಸೋತು ಬೆವರದೆ ಒಣಗಿದ ಪಾದಗಳಿಗೆ ಆರೋಗ್ಯ ಕಾರ್ಯಕರ್ತರು ಕಲಿಸುವುದೂ ನೆನೆಸು, ಉಜ್ಜು, ಎಣ್ಣೆ ಹಚ್ಚು ಎಂಬ ಇದೇ ಮೂರು ಕೆಲಸ. ಅಲ್ಲಿ ಬಳಸುವುದು ತಣ್ಣೀರು.

ಮಳೆಗಾಲದಲ್ಲಿ ಲೆಕ್ಕ ತಲೆಕೆಳಗು. ಗದ್ದೆ ನಾಟಿಯ ಹೊತ್ತಿಗೆ ಮಲೆನಾಡು, ಕರಾವಳಿಯಲ್ಲಿ ಕಾಡುವುದು ಬೆರಳ ಸಂದಿನ ಕೆಸರುಹುಣ್ಣು. ಅದು ಒಣಗಿದ ಕಾಲಲ್ಲ, ನೆಂದು ಕೊಳೆತ ಕಾಲು. ಅದಕ್ಕೆ ಜೆಲ್ಲಿ, ತುಪ್ಪ ಹಚ್ಚಿದರೆ ಹೆಚ್ಚುತ್ತದೆ. ಒಣಗಿಸಬೇಕು, ಗಾಳಿ ಆಡಿಸಬೇಕು, ಬೇಕಾದರೆ ಶಿಲೀಂಧ್ರದ ಔಷಧಿ ಹಾಕಬೇಕು.

ಇದು ಬರೀ ಒಣ ಚರ್ಮವೇ?

ಮೂರು ವಾರ ನಿಷ್ಠೆಯಿಂದ ಮಾಡಿಯೂ ಬದಲಾಗದಿದ್ದರೆ ಅನುಮಾನ ಬರಲಿ. ಅಂಗಾಲಿಡೀ ಹಿಟ್ಟು ಉದುರಿಸಿದಂತೆ ಗೆರೆಗಳಲ್ಲಿ ಬಿಳಿ ಪುಡಿ, ದಪ್ಪಗಾಗಿ ಹಳದಿಯಾದ ಉಗುರು, ಕೆರೆತ, ಇವು ಹುಳುಕಡ್ಡಿಯಂತಹ ಶಿಲೀಂಧ್ರ ಸೋಂಕಿನ ಲಕ್ಷಣ. ಎರಡೂ ಪಾದ ಮತ್ತು ಒಂದೇ ಅಂಗೈ ಹೀಗಾಗಿದ್ದರೆ ಬಹುಪಾಲು ಅದೇ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ಕೆರೆತ ಅಡಗಿಸಿ, ಸೋಂಕನ್ನು ಒಳಗೊಳಗೇ ಬೆಳೆಸುತ್ತದೆ, ಕೊಳ್ಳಬೇಡಿ. ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲೇ ಕಪ್ಪಾಗಿ ತುರಿಸಿದರೆ ರಬ್ಬರ್ ಅಥವಾ ಚರ್ಮದ ಅಲರ್ಜಿ ಇರಬಹುದು. ಅಂಗೈಯೂ ಒಡೆದು ಮೊಣಕೈಯಲ್ಲಿ ಬಿಳಿ ಪೊರೆ ಎದ್ದಿದ್ದರೆ ಸೋರಿಯಾಸಿಸ್ ಎಂಬ ಚರ್ಮರೋಗ ಇರಬಹುದು. ಮೈಯೆಲ್ಲ ಒಣಗಿ, ಸುಸ್ತು, ಚಳಿ ಹೆಚ್ಚಾಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಹಿಮ್ಮಡಿ ಇದ್ದಕ್ಕಿದ್ದಂತೆ ದಪ್ಪಗಾಗುವುದೂ ಉಂಟು. ಇವನ್ನೆಲ್ಲ ಚರ್ಮದ ವೈದ್ಯರೇ ಗುರುತಿಸಬೇಕು.

ಎಷ್ಟು ದಿನ?

ಎರಡು ಮೂರು ದಿನದಲ್ಲಿ ಒರಟುತನ ಇಳಿದು ಹೊದಿಕೆಗೆ ಸಿಕ್ಕುವುದು ನಿಲ್ಲುತ್ತದೆ. ಸಣ್ಣ ಗೆರೆಗಳು ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತವೆ. ಆಳದ ಬಿರುಕಿಗೆ ತಿಂಗಳಾದರೂ ಬೇಕು, ಏಕೆಂದರೆ ಅಲ್ಲಿ ಹೊಸ ಚರ್ಮ ಕೆಳಗಿನಿಂದ ಬೆಳೆದು ಮೇಲೆ ಬರಬೇಕು. ಕಾಲು ಚೆನ್ನಾಯಿತೆಂದು ನಾನು ಮೊದಲ ವರ್ಷ ಜನವರಿಯಲ್ಲೇ ಬಿಟ್ಟೆ, ಹತ್ತು ದಿನದಲ್ಲಿ ಮತ್ತೆ ಒಡೆಯಿತು. ಈಗ ಉಜ್ಜುವುದನ್ನು ವಾರಕ್ಕೊಮ್ಮೆಗೆ ಇಳಿಸಿ, ಸ್ನಾನದ ನಂತರ ಹಚ್ಚುವುದನ್ನು ವರ್ಷಪೂರ್ತಿ ಉಳಿಸಿಕೊಂಡಿದ್ದೇನೆ. ದೀಪಾವಳಿಯ ಎಣ್ಣೆ ಸ್ನಾನದ ದಿನ ಮುರುಗಲ ತುಪ್ಪದ ಹೊಸ ಮುದ್ದೆ ಹೊರಬರುತ್ತದೆ. ಬೀದರ್, ಕಲಬುರಗಿ, ಧಾರವಾಡದ ಕಡೆಯ ಒಣ ಚಳಿಯಲ್ಲಿ ಇರುವವರು ಅಲ್ಲಿಂದಲೇ ರಾತ್ರಿಯ ಕಾಲುಚೀಲವನ್ನೂ ಶುರು ಮಾಡುವುದು ಒಳ್ಳೆಯದು.

ಕಲ್ಲನ್ನು ಬಳಸಿದ ಮೇಲೆ ತೊಳೆದು ಬಿಸಿಲಿಗಿಡಿ, ಬಚ್ಚಲಿನ ಮೂಲೆಯಲ್ಲಿ ಒದ್ದೆಯಾಗಿ ಬಿಡಬೇಡಿ. ಮನೆಯಲ್ಲಿ ಎಷ್ಟು ಜನರ ಹಿಮ್ಮಡಿ ಒಡೆದಿದೆಯೋ ಅಷ್ಟು ಕಲ್ಲು ಇರಲಿ.